ನಮ್ಮ ಆಕಾಶದಲ್ಲಿ ಹಾಯಬೇಕಿದ್ದ ಟೀಚರಮ್ಮ

ಭೂಪಟ ಹರಡಿ ಎರಡು ಗೆರೆ ಎಳೆಯಿರಿ. ಸಮಭಾಜಕ ವೃತ್ತದಿಂದ ಮೇಲಕ್ಕೆ 28.5 ಡಿಗ್ರಿಯಲ್ಲಿ ಒಂದು, ಕೆಳಕ್ಕೆ ಅಷ್ಟೇ ದೂರದಲ್ಲಿ ಇನ್ನೊಂದು. ಅಮೆರಿಕದ ಕೇಪ್ ಕೆನವೆರಲ್ ಇರುವುದು ಆ ಮೇಲಿನ ಗೆರೆಯ ಮೇಲೇ. ಅಲ್ಲಿಂದ ನೇರ ಪೂರ್ವಕ್ಕೆ ಹಾರಿಸಿದ ನೌಕೆ ಭೂಮಿಯನ್ನು ಎಷ್ಟು ಸುತ್ತು ಸುತ್ತಿದರೂ ಈ ಎರಡು ಗೆರೆಗಳನ್ನು ದಾಟಿ ಆಚೆ ಹೋಗುವುದಿಲ್ಲ. ಒಳಗಿನ ಪಟ್ಟಿಯಲ್ಲೇ ಅಲೆಯಂತೆ ಏರುತ್ತ ಇಳಿಯುತ್ತ ಸಾಗುತ್ತದೆ. ಈಗ ಆ ಪಟ್ಟಿಯೊಳಗೆ ಬೆರಳಿಟ್ಟು ನೋಡಿ. ಅರಬ್ಬಿ ಸಮುದ್ರ, ಸಹ್ಯಾದ್ರಿಯ ಸಾಲು, ತುಂಗೆ, ಭದ್ರೆ, ಸೂಳೆಕೆರೆಯ ನೀರು, ಭದ್ರಾ ನಾಲೆಯ ಕೆಳಗಿನ ಗದ್ದೆ, ಅಡಿಕೆ ತೋಟ, ಅವುಗಳ ನಡುವೆ 14 ಡಿಗ್ರಿಯ ಆಸುಪಾಸಿನಲ್ಲಿ ನಮ್ಮ ತ್ಯಾವಣಿಗೆ!

1986ರ ಜನವರಿ ಕೊನೆಯ ವಾರದಲ್ಲಿ ಆ ಪಟ್ಟಿಯ ಮೇಲೆ ಒಬ್ಬ ಶಾಲಾ ಶಿಕ್ಷಕಿ ಹಾರಬೇಕಿತ್ತು. ಸೇನೆಯ ಪೈಲಟ್ ಅಲ್ಲ, ವಿಜ್ಞಾನಿಯೂ ಅಲ್ಲ, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದ ಟೀಚರಮ್ಮ. ಆರು ದಿನಗಳ ಯಾನ, ಒಂದೊಂದು ಸುತ್ತಿಗೆ ತೊಂಬತ್ತು ನಿಮಿಷ, ದಿನಕ್ಕೆ ಹದಿನಾರು ಸೂರ್ಯೋದಯ. ಎತ್ತರ ಮುನ್ನೂರು ಕಿಲೋಮೀಟರಿಗೂ ಕಡಿಮೆ. ಹೊನ್ನಾವರದ ಕಡಲು ದಾಟಿದ ನೌಕೆ ನೆಲ್ಲೂರಿನ ಕಡಲು ಮುಟ್ಟಲು ಒಂದೂವರೆ ನಿಮಿಷ ಸಾಕು! ಆ ಆರು ದಿನಗಳಲ್ಲಿ ದಕ್ಷಿಣ ಭಾರತದ ಆಕಾಶದಲ್ಲಿ ಆಕೆ ಮತ್ತೆ ಮತ್ತೆ ಹಾದುಹೋಗಬೇಕಿತ್ತು. ಆಗ ತ್ಯಾವಣಿಗೆ ಇರುವ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಊರಲ್ಲಿ ಊಟ ಮುಗಿಸಿ ಮಲಗಿದವರ ಮೇಲೆ ಒಬ್ಬ ಟೀಚರು ಗಂಟೆಗೆ ಇಪ್ಪತ್ತೆಂಟು ಸಾವಿರ ಕಿಲೋಮೀಟರ್ ವೇಗದಲ್ಲಿ, ತಲೆಗೂದಲು ನಾಲ್ಕೂ ದಿಕ್ಕಿಗೆ ಹರಡಿಕೊಂಡು ತೇಲುತ್ತ ಹೋಗುವುದನ್ನು ಸುಮ್ಮನೆ ಕಲ್ಪಿಸಿಕೊಳ್ಳಿ.

ಆಕೆಯ ಹೆಸರು ಕ್ರಿಸ್ಟಾ ಮೆಕಾಲಿಫ್. ಹೆಸರು ಕೇಳಿರುತ್ತೀರಿ, ಆಕೆಯ ಕಥೆಯ ಕೊನೆಯೂ ಗೊತ್ತಿರುತ್ತದೆ. ಆದರೆ ಆ ಕಥೆಯ ದಾರ ಹಿಡಿದು ಹೊರಟರೆ ಅದು ಹಾಸನಕ್ಕೆ ಬರುತ್ತದೆ, ಬೆಂಗಳೂರಿಗೆ ಬರುತ್ತದೆ, ಧಾರವಾಡದ ಹೆಸರುಕಾಳಿನವರೆಗೂ ಬರುತ್ತದೆ. ಅದೇ ಇಲ್ಲಿನ ಅಚ್ಚರಿ. ಇಷ್ಟು ವರ್ಷ ಅಮೆರಿಕದ ದುರಂತ ಅಂತ ಓದಿಕೊಂಡು ಬಂದದ್ದರ ಒಳಗೆ ನಮ್ಮ ಊರುಗಳ ಹೆಸರು ಇಷ್ಟೊಂದು ಸಲ ಬರುತ್ತದೆಂದು ಯಾರು ಎಣಿಸಿದ್ದರು?

ಮೊದಲು ಟೀಚರಮ್ಮನ ವಿಷಯ. 1984ರ ಆಗಸ್ಟ್ 27ರಂದು ಅಧ್ಯಕ್ಷ ರೇಗನ್ ಒಂದು ಘೋಷಣೆ ಮಾಡಿದರು. ಬಾಹ್ಯಾಕಾಶಕ್ಕೆ ಹೋಗುವ ಮೊದಲ ಸಾಮಾನ್ಯ ನಾಗರಿಕ ಒಬ್ಬ ಶಿಕ್ಷಕ ಆಗಿರಬೇಕು! ಅರ್ಜಿಗಳು ಹನ್ನೊಂದು ಸಾವಿರಕ್ಕೂ ಹೆಚ್ಚು ಬಂದವು. ಅದರಲ್ಲಿ 114 ಮಂದಿ ಉಳಿದರು, ಆಮೇಲೆ ಹತ್ತು ಮಂದಿ. 1985ರ ಜುಲೈ 19ರಂದು ಶ್ವೇತಭವನದಲ್ಲಿ ಉಪಾಧ್ಯಕ್ಷ ಜಾರ್ಜ್ ಬುಷ್ ಆಯ್ಕೆಯಾದವರ ಹೆಸರು ಓದಿದರು. ನ್ಯೂಹ್ಯಾಂಪ್‌ಶೈರ್ ರಾಜ್ಯದ ಕಾನ್‌ಕಾರ್ಡ್ ಎಂಬ ಪುಟ್ಟ ಊರಿನ ಹೈಸ್ಕೂಲಿನ ಕ್ರಿಸ್ಟಾ, ಎರಡು ಮಕ್ಕಳ ತಾಯಿ. ಶಾಲೆಯಲ್ಲಿ ಅಮೆರಿಕದ ಹೆಣ್ಣುಮಕ್ಕಳ ಚರಿತ್ರೆಯ ಬಗ್ಗೆ ತಾನೇ ಒಂದು ಪಠ್ಯ ರೂಪಿಸಿ ಕಲಿಸುತ್ತಿದ್ದವರು. ರಾಜರು, ಯುದ್ಧಗಳಿಗಿಂತ ಸಾಮಾನ್ಯರ ಡೈರಿ, ಕಾಗದಪತ್ರಗಳಲ್ಲಿ ಚರಿತ್ರೆ ಇದೆ ಎಂದು ನಂಬಿದವರು. ಹಾಗಾಗಿ ಅರ್ಜಿಯಲ್ಲಿ ಆಕೆ ಮುಂದಿಟ್ಟ ಯೋಜನೆಯೂ ಒಂದು ಡೈರಿಯದೇ. ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೋದ ಹೆಂಗಸರು ದಾರಿಯುದ್ದಕ್ಕೂ ದಿನಚರಿ ಬರೆದಿಟ್ಟಂತೆ ತಾನೂ ಮೂರು ಭಾಗದ ದಿನಚರಿ ಬರೆಯುತ್ತೇನೆ: ತರಬೇತಿಯದು ಒಂದು, ಹಾರಾಟದ್ದು ಒಂದು, ಮರಳಿ ಬಂದ ಮೇಲಿನದು ಒಂದು. ಹನ್ನೊಂದು ಸಾವಿರ ಅರ್ಜಿಗಳಲ್ಲಿ ಇದು ಎದ್ದು ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ವಿಜ್ಞಾನ ಗೊತ್ತಿದ್ದವರು ಬೇಕಾದಷ್ಟು ಮಂದಿ ಮೇಲೆ ಹೋಗಿ ಬಂದಿದ್ದರು. ಅಲ್ಲಿ ಹೇಗಿತ್ತು ಎಂದು ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಬಲ್ಲವರೇ ಬೇಕಿತ್ತು.

ಹೇಳುವ ಪಾಠಗಳೂ ಸಿದ್ಧವಾಗಿದ್ದವು. ನೌಕೆಯಿಂದ ನೇರ ಪ್ರಸಾರದಲ್ಲಿ ಎರಡು, ತಲಾ ಕಾಲು ಗಂಟೆ. ಮೊದಲನೆಯದು ನೌಕೆಯೊಳಗಿನ ಪ್ರವಾಸ: ಇಲ್ಲಿ ಕಮಾಂಡರ್ ಕೂರುತ್ತಾರೆ, ಇಲ್ಲಿ ಊಟ, ಇಲ್ಲಿ ನಿದ್ದೆ, ನಿದ್ದೆಗೆ ಚೀಲ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ತೇಲಿ ಹೋಗುತ್ತೇವೆ. ಎರಡನೆಯದು ಮನುಷ್ಯ ಇಷ್ಟು ಕಷ್ಟಪಟ್ಟು ಅಲ್ಲಿಗೆ ಹೋಗುವುದಾದರೂ ಯಾಕೆ ಎಂಬುದು. ಇವೆರಡರ ಜೊತೆ ಚಿತ್ರೀಕರಿಸಿ ತಂದು ಶಾಲೆಗಳಿಗೆ ಹಂಚಲು ಪುಟ್ಟ ಪ್ರಯೋಗಗಳ ಪಟ್ಟಿ ಬೇರೆ: ಅಯಸ್ಕಾಂತ, ನ್ಯೂಟನ್ನನ ನಿಯಮ, ಸರಳ ಯಂತ್ರಗಳು, ನೀರಿನ ವರ್ತನೆ, ನೊರೆ ಉಕ್ಕುವುದು, ಬಣ್ಣ ಬೇರ್ಪಡಿಸುವುದು, ಮಣ್ಣಿಲ್ಲದೆ ಗಿಡ ಬೆಳೆಸುವುದು.

ಏನಿದೆ ಇದರಲ್ಲಿ, ನಮ್ಮ ಏಳನೇ ತರಗತಿಯ ಪಾಠ ಅನ್ನಬೇಡಿ. ಅದೇ ಏಳನೇ ತರಗತಿಯ ಪಾಠ ಅಲ್ಲಿ ತಲೆಕೆಳಗಾಗುತ್ತದೆ! ಸೋಡಾದ ಗುಳ್ಳೆ ನೋಡಿ. ಇಲ್ಲಿ ಅದು ಮೇಲಕ್ಕೆ ಏರುತ್ತದೆ, ಯಾಕೆಂದರೆ ಸುತ್ತಲಿನ ನೀರು ಗುಳ್ಳೆಗಿಂತ ಭಾರ, ಭಾರದ್ದು ಕೆಳಗೆ ಇಳಿಯುತ್ತ ಹಗುರದ್ದನ್ನು ಮೇಲಕ್ಕೆ ತಳ್ಳುತ್ತದೆ. ಕಕ್ಷೆಯಲ್ಲಿ ನೀರೂ ಗುಳ್ಳೆಯೂ ನೌಕೆಯೂ ಒಟ್ಟಿಗೆ ಬೀಳುತ್ತಲೇ ಇರುತ್ತವೆ. ಭಾರ ಎಂಬುದೇ ಗೊತ್ತಾಗದ ಕಡೆ ಗುಳ್ಳೆ ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗುವುದಿಲ್ಲ. ನೀರಿನ ಉಂಡೆಯೊಳಗೇ ಸಿಕ್ಕಿಕೊಂಡು ದಪ್ಪಗಾಗುತ್ತ ಕೂರುತ್ತದೆ. ಆದರೆ ಕಾಗದದ ಮೇಲೆ ಶಾಯಿಯ ಬಣ್ಣಗಳು ಬೇರ್ಪಡುವ ಪ್ರಯೋಗಕ್ಕೆ ಅಲ್ಲಿ ತೊಡಕೇ ಇಲ್ಲ, ಯಾಕೆಂದರೆ ಕಾಗದದ ನಾರಿನಲ್ಲಿ ನೀರು ಹತ್ತುವುದಕ್ಕೆ ಗುರುತ್ವದ ನೆರವು ಬೇಕಿಲ್ಲ. ಒಂದು ನಡೆಯುತ್ತದೆ, ಒಂದು ನಡೆಯುವುದಿಲ್ಲ. ಯಾವುದು ಯಾಕೆ ಎಂದು ಕೇಳಿದ ಕ್ಷಣವೇ ಮಕ್ಕಳು ಗುರುತ್ವ ಎಂದರೇನು ಅಂತ ತಾವೇ ಕಂಡುಕೊಳ್ಳುತ್ತಾರೆ. ಪ್ರಯೋಗಾಲಯದಲ್ಲಿ ಎಷ್ಟು ದುಡ್ಡು ಸುರಿದರೂ ನೆಲದ ಮೇಲೆ ಇದನ್ನು ತೋರಿಸುವುದು ಕಷ್ಟ.

ಗಿಡದ್ದು ಇನ್ನೂ ಸೋಜಿಗ. ಬೀಜವನ್ನು ಹೇಗೆ ಬಿತ್ತಿದರೂ, ತಲೆಕೆಳಗಾಗಿ ಹಾಕಿದರೂ, ಬೇರು ಕೆಳಕ್ಕೇ ಇಳಿಯುತ್ತದೆ. ರೈತರ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಕೆಳಗು ಯಾವ ಕಡೆ ಎಂದು ಕತ್ತಲೆಯ ಮಣ್ಣಿನಲ್ಲಿರುವ ಬೇರಿಗೆ ಹೇಳುವವರು ಯಾರು? ಬೇರಿನ ತುದಿಯ ಟೋಪಿಯಂಥ ಭಾಗದ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಸಣ್ಣ ಕಣಗಳಿವೆ. ಅವು ಭಾರಕ್ಕೆ ಕೋಶದ ತಳದಲ್ಲಿ ಹೋಗಿ ಕೂರುತ್ತವೆ. ಅವು ಕೂತ ಕಡೆಯೇ ಕೆಳಗು! ಬಾಹ್ಯಾಕಾಶದಲ್ಲಿ ಆ ಕಣಗಳು ಕೂರುವುದೇ ಇಲ್ಲ. ಬೇರು ದಿಕ್ಕು ಕಾಣದೆ ತಡವರಿಸುತ್ತ ಬೆಳಕು, ನೀರನ್ನು ನಂಬಿ ಹೊರಡಬೇಕಾಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಧಾರವಾಡದ ಹತ್ತಿರ ಮತ್ತೆ ಬರುತ್ತದೆ.

ಹಾರುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಜನವರಿ 22 ಎಂದಿದ್ದದ್ದು 27ಕ್ಕೆ ಬಂತು. ಅಂದು ಏಳೂ ಜನ ಒಳಗೆ ಕೂತಾಯಿತು, ಬಾಗಿಲು ಹಾಕಿಯಾಯಿತು. ಬಾಗಿಲಿನ ಹೊರಗಿನ ಹಿಡಿಕೆ ತೆಗೆಯಲು ಹೋದರೆ ಒಂದು ಬೋಲ್ಟು ಕಚ್ಚಿಕೊಂಡು ಕೂತಿದೆ! ಡ್ರಿಲ್ ತಂದರು, ಅದರ ಬ್ಯಾಟರಿಯಲ್ಲಿ ಕಸುವಿಲ್ಲ. ಕೊನೆಗೆ ಗರಗಸ ಹಿಡಿದು ಕೊಯ್ದರು. ಅಷ್ಟರಲ್ಲಿ ಅಡ್ಡಗಾಳಿ ಎದ್ದು ಆ ದಿನವೂ ಹೋಯಿತು. ಮನುಷ್ಯ ಮಾಡಿದ ಅತಿ ಜಟಿಲ ಯಂತ್ರ ಒಂದು ಬೋಲ್ಟಿಗೆ ಸೋತು ನಿಂತದ್ದನ್ನು ಓದಿದಾಗ ನಗಬೇಕೋ ಏನು ಮಾಡಬೇಕೋ ತಿಳಿಯುವುದಿಲ್ಲ, ಮರುದಿನದ್ದು ಗೊತ್ತಿರುವುದರಿಂದ. ಮರುದಿನ, 28ರ ಬೆಳಿಗ್ಗೆ, ಉಡಾವಣೆಯ ಗೋಪುರದಲ್ಲಿ ಮಂಜುಗಡ್ಡೆ ಜೋತುಬಿದ್ದಿತ್ತು. ಅಮೆರಿಕದಲ್ಲಿ ಮಕ್ಕಳು ಟೀಚರಿಗೆ ಸೇಬು ಕೊಡುವ ರೂಢಿಯಿದೆ. ನೌಕೆಯ ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿಯೊಬ್ಬರು ಕ್ರಿಸ್ಟಾ ಕೈಗೆ ಒಂದು ಕೆಂಪು ಸೇಬು ಇಟ್ಟರು. ಬಂದ ಮೇಲೆ ತಿನ್ನುತ್ತೇನೆ, ಇಟ್ಟಿರಿ ಎಂದು ಹಿಂದಿರುಗಿಸಿ ಆಕೆ ಒಳಗೆ ಹೋದರು.

ಅಲ್ಲಿ ಹೊತ್ತು ಬೆಳಿಗ್ಗೆ 11:38. ಇಲ್ಲಿ ಮಂಗಳವಾರ ರಾತ್ರಿ 10:08. ಎಪ್ಪತ್ತಮೂರು ಸೆಕೆಂಡು. ಬಲಗಡೆಯ ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ಬಳೆ ಚಳಿಗೆ ಬಿಗಿದು, ಬಿಸಿ ಅನಿಲವನ್ನು ತಡೆಯಲಾರದೆ ಹೋಯಿತು. ಹದಿನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಆಕೆ ಕೂತಿದ್ದ ನೌಕೆ ಚಾಲೆಂಜರ್ ಛಿದ್ರವಾಯಿತು. ಆ ರಬ್ಬರಿನ ಬಗ್ಗೆ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು, ಮೇಲಿನವರು ಕೇಳಲಿಲ್ಲ. ತನಿಖೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ಲೋಟ ಐಸ್ ನೀರಿಗೆ ಆ ರಬ್ಬರ್ ಅದ್ದಿ, ಅದು ತಕ್ಷಣ ಮೊದಲಿನ ಆಕಾರಕ್ಕೆ ಮರಳದ್ದನ್ನು ಎಲ್ಲರೆದುರು ತೋರಿಸಿದರು. ಒಬ್ಬ ಟೀಚರ್ ಮಾಡಬೇಕಿದ್ದ ಪ್ರಯೋಗಗಳಿಗಿಂತಲೂ ಸರಳವಾದ ಪ್ರಯೋಗ ಅದು.

ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ನಾವು ಎರಡೂವರೆ ವರ್ಷ ಹಿಂದಕ್ಕೆ ಹೋಗೋಣ.

1983ರ ಆಗಸ್ಟ್ 30. ಅದೇ ಕೇಪ್ ಕೆನವೆರಲ್, ಅದೇ ಚಾಲೆಂಜರ್. ಶಟಲ್ ನೌಕೆಗಳ ಪೈಕಿ ಮೊಟ್ಟಮೊದಲ ರಾತ್ರಿ ಉಡಾವಣೆ. ಕತ್ತಲನ್ನು ಸೀಳಿಕೊಂಡು ಮೇಲೇರಿದ ಆ ನೌಕೆಯ ಹೊಟ್ಟೆಯಲ್ಲಿ ಏನಿತ್ತು ಗೊತ್ತೇ? ಇನ್ಸಾಟ್-1ಬಿ! ನಮ್ಮ ಉಪಗ್ರಹ! ಹೌದು, ಮುಂದೆ ಟೀಚರಮ್ಮನನ್ನು ಹೊತ್ತ ಅದೇ ನೌಕೆ ನಮ್ಮ ದೂರದರ್ಶನವನ್ನು ಹೊತ್ತಿತ್ತು. ಮರುದಿನ ಗಗನಯಾತ್ರಿಗಳು ಅದನ್ನು ಮೆಲ್ಲಗೆ ಹೊರಕ್ಕೆ ಬಿಟ್ಟರು. ಅಲ್ಲಿಂದಾಚೆ ಅದನ್ನು ನೋಡಿಕೊಳ್ಳುವ ಹೊಣೆ ಯಾರದು? ಹಾಸನದ್ದು. ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಇನ್ಸಾಟ್‌ಗಳಿಗಾಗಿಯೇ 1982ರಲ್ಲಿ ಶುರುವಾದ ನಿಯಂತ್ರಣ ಕೇಂದ್ರ. ಅದೇ ವರ್ಷ ಹಾರಿದ್ದ ಅಣ್ಣ ಇನ್ಸಾಟ್-1ಎ ಆರು ತಿಂಗಳು ತುಂಬುವುದರೊಳಗೆ ಕೈಕೊಟ್ಟಿತ್ತು. ಈಗ ತಮ್ಮನೂ ತಕರಾರು ತೆಗೆದ. ಸೌರಫಲಕ ಸರಿಯಾಗಿ ಬಿಚ್ಚಿಕೊಳ್ಳಲೇ ಇಲ್ಲ! ಫಲಕ ಬಿಚ್ಚದಿದ್ದರೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದಿದ್ದರೆ ಅದು ಆಕಾಶದಲ್ಲಿ ತೇಲುವ ಕಬ್ಬಿಣದ ಪೆಟ್ಟಿಗೆ. ಎಂಜಿನಿಯರುಗಳು ಎರಡು ವಾರ ಒದ್ದಾಡಿ ಸೆಪ್ಟೆಂಬರ್ ನಡುವಿಗೆ ಅದನ್ನು ಪೂರ್ತಿ ಬಿಚ್ಚಿಸಿದರು. ಅಕ್ಟೋಬರ್‌ನಲ್ಲಿ ಉಪಗ್ರಹ ಕೆಲಸ ಶುರುಮಾಡಿತು.

ಅದು ನಿಂತದ್ದು ಎಲ್ಲಿ? ಪೂರ್ವ ರೇಖಾಂಶ 74 ಡಿಗ್ರಿಯಲ್ಲಿ, ಸಮಭಾಜಕದ ನೇರ ಮೇಲೆ, ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಚನ್ನಗಿರಿ ಸೀಮೆ ಇರುವುದು 76ರ ಹತ್ತಿರ. ಅಂದರೆ ತ್ಯಾವಣಿಗೆಯ ಶಾಲೆಯ ಅಂಗಳದಲ್ಲಿ ನಿಂತು ದಕ್ಷಿಣಕ್ಕೆ ಮುಖಮಾಡಿ ಕತ್ತೆತ್ತಿದರೆ, ಹೆಚ್ಚೂಕಡಿಮೆ ನೆತ್ತಿಯ ಮೇಲೇ, ತುಸು ಮುಂದಕ್ಕೆ ವಾಲಿದ ಜಾಗದಲ್ಲಿ ಅದು ಹಗಲು ರಾತ್ರಿ ಕದಲದೆ ನಿಂತಿತ್ತು. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. 1984ರಲ್ಲಿ ದೇಶದಲ್ಲಿ ಟಿ.ವಿ. ಪ್ರಸಾರ ಕೇಂದ್ರಗಳು ಕೆಲವು ತಿಂಗಳ ಕಾಲ ಬಹುತೇಕ ದಿನಕ್ಕೊಂದರಂತೆ ತಲೆಯೆತ್ತಿದವಲ್ಲ, ಆ ಭರಾಟೆಗೆ ಬೆನ್ನು ಕೊಟ್ಟದ್ದು ಈ ಇನ್ಸಾಟ್-1ಬಿ. ಆ ವರ್ಷ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೇಶವ್ಯಾಪಿ ತರಗತಿ ದೂರದರ್ಶನದಲ್ಲಿ ಆರಂಭವಾಯಿತು. ಕಾಲೇಜು ಮೆಟ್ಟಿಲು ಹತ್ತದವರ ಮನೆಗೂ ಪ್ರೊಫೆಸರುಗಳ ಪಾಠ ಆಕಾಶದಿಂದ ಇಳಿಯತೊಡಗಿತು. ಲೆಕ್ಕ ಹಾಕಿ: ರೇಗನ್ ಟೀಚರನ್ನು ಕಳಿಸುತ್ತೇವೆಂದು ಘೋಷಿಸಿದ್ದು ಆಗಸ್ಟ್ 27ಕ್ಕೆ. ಅದಕ್ಕೆ ಹನ್ನೆರಡು ದಿನ ಮೊದಲೇ, ಚಾಲೆಂಜರ್ ಏರಿಸಿಟ್ಟ ಉಪಗ್ರಹದಿಂದ ಭಾರತದಲ್ಲಿ ಪಾಠ ನಡೆಯುತ್ತಿತ್ತು!

ಅದಕ್ಕೂ ಹಿಂದೆ ನೋಡಿದರೆ ಇನ್ನೊಂದು ಬೆರಗು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ನಮ್ಮ ಕಡೆಗೆ ಸರಿಸಿ ತಂದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ತೋರಿಸಿದರು. 'ಸೈಟ್' ಎಂದು ಅದರ ಹೆಸರು. ಕರ್ನಾಟಕದ ಪಾಲಿಗೆ ಬಂದವು ಬಿಜಾಪುರ, ಗುಲ್ಬರ್ಗ, ರಾಯಚೂರು. ಚನ್ನಗಿರಿಗೆ ಆ ಭಾಗ್ಯವಿರಲಿಲ್ಲ. ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದ ಮಾಡಿದ, ಹತ್ತಡಿ ಅಗಲದ ಆಂಟೆನಾ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ 22.5 ನಿಮಿಷದ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಕರೆಂಟೇ ಅಪರೂಪವಾಗಿದ್ದ ಊರುಗಳಲ್ಲಿ ಕನ್ನಡ ಮಾತಾಡುವ ಪಾಠ ಬಾನಿಂದ ಬಂತು. ಕ್ರಿಸ್ಟಾಗೆ ಇನ್ನೂ ಯಾರೂ ಬಾಹ್ಯಾಕಾಶದ ಕನಸು ತೋರಿಸಿರಲಿಲ್ಲ.

ಇನ್ನು ಈ ಕಥೆಯ ಅತಿ ಕಡಿಮೆ ಗೊತ್ತಿರುವ ಪುಟ. ಕ್ರಿಸ್ಟಾ ಹಿಂದೆ ಸರದಿಯಲ್ಲಿ ನಿಂತಿದ್ದವರು ಯಾರು? ಬೆಂಗಳೂರಿನ ಎಂಜಿನಿಯರ್! 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಹೋಗಿ ಬಂದದ್ದು ಎಲ್ಲರಿಗೂ ಗೊತ್ತು. ಅದರ ಬೆನ್ನಲ್ಲೇ ಅಮೆರಿಕದ ಶಟಲ್‌ನಲ್ಲೂ ಒಬ್ಬ ಭಾರತೀಯನನ್ನು ಕಳಿಸುವ ಮಾತಾಯಿತು. ಮುಂದಿನ ಉಪಗ್ರಹ ಇನ್ಸಾಟ್-1ಸಿ ಶಟಲ್‌ನಲ್ಲೇ ಹೋಗುವುದಿತ್ತು, ಅದರ ಜೊತೆ ನಮ್ಮವನೊಬ್ಬ. ಇಸ್ರೊ ಇಬ್ಬರನ್ನು ಆರಿಸಿತು. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದ ಎನ್.ಸಿ. ಭಟ್, ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರದ ಪಿ. ರಾಧಾಕೃಷ್ಣನ್. ಒಬ್ಬರು ಹಾರಬೇಕು, ಇನ್ನೊಬ್ಬರು ಬದಲಿಗೆ ಸಿದ್ಧರಿರಬೇಕು. ಇಸ್ರೊ ಚುಕ್ಕಾಣಿ ಆಗ ಉಡುಪಿಯ ಅದಮಾರಿನ ಯು.ಆರ್. ರಾವ್ ಅವರ ಕೈಯಲ್ಲಿ. ಯಾನದ ಸಂಖ್ಯೆ 61-ಐ, ತಿಂಗಳು 1986ರ ಸೆಪ್ಟೆಂಬರ್. ಟೀಚರಮ್ಮ ಹೋಗಿ ಬಂದ ಎಂಟು ತಿಂಗಳಿಗೆ ಬೆಂಗಳೂರಿನಿಂದಲೋ ತಿರುವನಂತಪುರದಿಂದಲೋ ಒಬ್ಬರು!

(ಟೀಚರ ನಂತರ ಪತ್ರಕರ್ತರನ್ನು ಕಳಿಸುವ ಯೋಜನೆಯೂ ಆ ಹೊತ್ತಿಗೆ ತಯಾರಾಗಿತ್ತು, ಸಾವಿರಕ್ಕೂ ಹೆಚ್ಚು ಜನ ಅರ್ಜಿ ಗುಜರಾಯಿಸಿದ್ದರು. ಬರೆಯುವವರಿಗೆ ಎರಡನೇ ಸ್ಥಾನ, ಕಲಿಸುವವರಿಗೆ ಮೊದಲನೆಯದು. ನಮ್ಮ ಕಸುಬಿನವರು ಇದನ್ನು ಒಪ್ಪಿಕೊಳ್ಳುವುದೇ ಮೇಲು.)

ಜನವರಿ 28ರ ಆ ಎಪ್ಪತ್ತಮೂರು ಸೆಕೆಂಡು ಇಸ್ರೊದ ಈ ಇಬ್ಬರ ಯಾನವನ್ನೂ ನುಂಗಿತು. ಶಟಲ್‌ಗಳು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ನೆಲ ಬಿಡಲಿಲ್ಲ. ಇನ್ಸಾಟ್-1ಸಿ 1988ರ ಜುಲೈಯಲ್ಲಿ ಯುರೋಪಿನ ಏರಿಯಾನ್ ರಾಕೆಟ್‌ನಲ್ಲಿ, ಮನುಷ್ಯರ ಸಂಗಡವಿಲ್ಲದೆ ಹೋಯಿತು, ವಿದ್ಯುತ್ ತೊಂದರೆಗೆ ಸಿಕ್ಕಿ ಹೆಚ್ಚು ದಿನ ಬಾಳಲಿಲ್ಲ. ಭಟ್ಟರೂ ರಾಧಾಕೃಷ್ಣನ್ನರೂ ಆಕಾಶಕ್ಕೆ ಹೋಗಲೇ ಇಲ್ಲ. ನಮ್ಮ ಮಕ್ಕಳ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಮೊದಲು ಹೋದವರ ಹೆಸರಿದೆ. ಬಾಗಿಲವರೆಗೆ ಹೋದವರ ಹೆಸರಿಗೂ ಒಂದು ಸಾಲು ಕೊಟ್ಟರೆ ಪುಸ್ತಕದ ತೂಕವೇನೂ ಹೆಚ್ಚದು.

ಅಮೆರಿಕದಲ್ಲಿ ಒಬ್ಬರು ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಬಾರ್ಬರಾ ಮಾರ್ಗನ್, ಐಡಾಹೊ ರಾಜ್ಯದ ಮೆಕಾಲ್ ಎಂಬ ಊರಿನ ಪ್ರಾಥಮಿಕ ಶಾಲೆಯ ಟೀಚರು, ಕ್ರಿಸ್ಟಾಗೆ ಬದಲಿಯಾಗಿ ಆಯ್ಕೆಯಾಗಿದ್ದವರು. ಕ್ರಿಸ್ಟಾ ಜೊತೆ ಒಂದೇ ತರಬೇತಿ ಪಡೆದವರು, ಆ ಬೆಳಿಗ್ಗೆ ನೆಲದ ಮೇಲೆ ನಿಂತು ಎಲ್ಲವನ್ನೂ ಕಣ್ಣಾರೆ ನೋಡಿದವರು. ಮತ್ತೆ ಊರಿಗೆ ಹೋಗಿ ಎರಡನೇ ಮೂರನೇ ತರಗತಿಯ ಮಕ್ಕಳಿಗೆ ಪಾಠ ಹೇಳಿದರು. 1998ರಲ್ಲಿ ನಾಸಾ ಕರೆದಾಗ ಈ ಸಲ ಪೂರ್ಣಾವಧಿ ಗಗನಯಾತ್ರಿಯಾಗಿ ಹೋದರು. ಅವರ ಯಾನಕ್ಕೆ ಮೊದಲು ಗೊತ್ತಾದದ್ದು ಕೊಲಂಬಿಯಾ ನೌಕೆ. 2003ರ ಫೆಬ್ರುವರಿ 1ರಂದು ಅದೂ ಕಲ್ಪನಾ ಚಾವ್ಲಾ ಸಮೇತ ಏಳು ಜನರನ್ನು ಕರೆದುಕೊಂಡು ಹೋಗಿಬಿಟ್ಟಿತು. ಇನ್ಯಾರಾದರೂ ಆಗಿದ್ದರೆ ಕೈಮುಗಿದು ಮನೆಗೆ ಹೋಗುತ್ತಿದ್ದರು. ಬಾರ್ಬರಾ ಕಾದರು. 2007ರ ಆಗಸ್ಟ್ 8, ಆಯ್ಕೆಯಾಗಿ ಇಪ್ಪತ್ತೆರಡು ವರ್ಷ, ವಯಸ್ಸು ಐವತ್ತೈದು, ಹಾರಿದ ನೌಕೆ ಎಂಡೆವರ್. ಚಾಲೆಂಜರ್ ಹೋದ ಜಾಗ ತುಂಬಲು ಕಟ್ಟಿದ್ದೇ ಆ ಎಂಡೆವರ್! ಅದಕ್ಕೆ ಹೆಸರಿಟ್ಟವರು ಸ್ಪರ್ಧೆಯಲ್ಲಿ ಭಾಗವಹಿಸಿದ ಶಾಲಾ ಮಕ್ಕಳು! ಅಂಥ ನೌಕೆಯಲ್ಲಿ ಟೀಚರು ಕೂತು ಯಂತ್ರದ ತೋಳು ಆಡಿಸಿದರು, ಮೇಲಿಂದಲೇ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದರು. ಸಾಮಾನಿನಲ್ಲಿ ಒಂದು ಕೋಟಿ ಬೀಜಗಳು ಬೇರೆ. ಯಾವ ಬೀಜ? ನಾವು ಬೇಸಿಗೆಯಲ್ಲಿ ನೆನೆಸಿ ಪಾನಕಕ್ಕೆ ಹಾಕುವ ಕಾಮಕಸ್ತೂರಿ! ಬಾಹ್ಯಾಕಾಶ ನೋಡಿ ಬಂದ ಆ ಬೀಜಗಳನ್ನು ಶಾಲೆಗಳಿಗೆ ಹಂಚಿದರು.

ಕ್ರಿಸ್ಟಾ ಬಿಟ್ಟುಹೋದ ಪಾಠಗಳೂ ಹಾಗೇ ಕೊಳೆಯಲಿಲ್ಲ. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬರ ನಂತರ ಒಬ್ಬರಂತೆ ಇಬ್ಬರು ಮಾಜಿ ಮೇಷ್ಟ್ರುಗಳಿದ್ದರು, ಜೋ ಅಕಾಬಾ ಮತ್ತು ರಿಕಿ ಆರ್ನಾಲ್ಡ್. ಆಕೆ ಮಾಡಬೇಕಿದ್ದ ಪ್ರಯೋಗಗಳಲ್ಲಿ ಕೆಲವನ್ನು, ನೊರೆಯದು, ಬಣ್ಣದ್ದು, ನೀರಿನದು, ನ್ಯೂಟನ್ನನದು, ಮೂವತ್ತೆರಡು ವರ್ಷ ತಡವಾಗಿ ಮಾಡಿ ತೋರಿಸಿದರು. ಮೇಷ್ಟ್ರು ರಜೆಯಲ್ಲಿದ್ದರೆ ಪಕ್ಕದ ತರಗತಿಯವರು ಬಂದು ಪಾಠ ಮುಗಿಸುವುದಿಲ್ಲವೇ!

ಆದರೆ ಗಿಡದ ಪಾಠ? ಅದಕ್ಕೆ ಧಾರವಾಡಕ್ಕೇ ಬರಬೇಕು.

2025ರ ಜೂನ್ 25ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಆಕ್ಸಿಯಮ್-4 ಯಾನದಲ್ಲಿ ಹಾರಿ ಮರುದಿನ ನಿಲ್ದಾಣ ಸೇರಿದರಲ್ಲ, ಅವರ ಸಾಮಾನಿನಲ್ಲಿ ಎರಡು ಬಗೆಯ ಕಾಳಿದ್ದವು. ಹೆಸರುಕಾಳು ಮತ್ತು ಮೆಂತ್ಯ! ಕಳಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರರೆಡ್ಡಿ. ನಮ್ಮ ಮನೆಗಳಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಕೋಸಂಬರಿಗೋ ಉಸುಳಿಗೋ ಹಾಕುವ ಅದೇ ಕಾಳು. ಒಣಗಿದ ಕಾಳಾಗಿಯೇ ಮೇಲೆ ಹೋದವು. ಅಲ್ಲಿ ಶುಕ್ಲಾ ನೀರು ಹಾಕಿದರು, ಕೆಲವು ದಿನ ಮೊಳೆಯಲು ಬಿಟ್ಟರು, ಫೋಟೊ ತೆಗೆದರು, ಆಮೇಲೆ ಮೊಳಕೆಯನ್ನು ಶೀತಲ ಪೆಟ್ಟಿಗೆಯಲ್ಲಿ ಇಟ್ಟು ನೆಲಕ್ಕೆ ತಂದರು. ಕೆಳಗು ಯಾವುದೆಂದು ಹೇಳುವ ಪಿಷ್ಟದ ಕಣಗಳು ಕೂರಲು ಜಾಗವಿಲ್ಲದ ಕಡೆ ನಮ್ಮ ಹೆಸರುಕಾಳಿನ ಬೇರು ಎತ್ತ ಹೊರಟಿತು, ಅದರ ಪೌಷ್ಟಿಕಾಂಶ ಏನಾಯಿತು, ಮೇಲೆ ಅಂಟಿದ ಸೂಕ್ಷ್ಮಜೀವಿಗಳು ಹೇಗೆ ನಡೆದುಕೊಂಡವು, ಇವೇ ಅವರ ಪ್ರಶ್ನೆಗಳು. ತಿಂಗಳುಗಟ್ಟಲೆ ಯಾನ ಮಾಡುವವರಿಗೆ ಹಸಿ ಆಹಾರ ಬೇಕಲ್ಲ. ಒಲೆ ಬೇಡ, ಮಣ್ಣು ಬೇಡ, ನಾಲ್ಕಾರು ದಿನದಲ್ಲಿ ಕೈಗೆ ಬರುವ ಊಟ ಮೊಳಕೆಕಾಳಿಗಿಂತ ಇನ್ನೊಂದಿಲ್ಲ. 1986ರಲ್ಲಿ ಕ್ರಿಸ್ಟಾ ಪಟ್ಟಿಯಲ್ಲಿದ್ದ ಗಿಡದ ಪಾಠಕ್ಕೆ ನಮ್ಮ ಅಡುಗೆಮನೆಯ ಡಬ್ಬಿಯಿಂದ ಕಾಳು ಹೋದವೆಂದರೆ ನಂಬುತ್ತೀರಾ?

ಅದೇ ಯಾನದಲ್ಲಿ ಇನ್ನೊಂದು ನಡೆಯಿತು. ಜುಲೈ 4ರ ಮಧ್ಯಾಹ್ನ ಶುಕ್ಲಾ ಹವ್ಯಾಸಿಗಳು ಬಳಸುವ ಹ್ಯಾಮ್ ರೇಡಿಯೊ ಮೂಲಕ ಬೆಂಗಳೂರಿನಲ್ಲಿ ಸೇರಿದ್ದ ಶಾಲಾ ಮಕ್ಕಳೊಂದಿಗೆ ಮಾತಾಡಿದರು. ಎಲ್ಲಿ ಸೇರಿದ್ದರು ಆ ಮಕ್ಕಳು? ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅಂದರೆ ಭಟ್ಟರು ಕೆಲಸ ಮಾಡುತ್ತಿದ್ದ ಕೇಂದ್ರವೇ! ಭಟ್ಟರನ್ನು ಆರಿಸಿದಾಗ ಇಸ್ರೊ ಮುಖ್ಯಸ್ಥರಾಗಿದ್ದವರ ಹೆಸರನ್ನೇ ಆಮೇಲೆ ಅದಕ್ಕೆ ಇಟ್ಟದ್ದು. ಒಂದೇ ಕಟ್ಟಡದ ಹೆಸರಿನೊಳಗೆ ಇಷ್ಟೆಲ್ಲ ಸುತ್ತಿಕೊಂಡಿದೆ ಎಂದು ತಿಳಿದಾಗ ಮೈ ಜುಮ್ಮೆಂದಿತು.

ಈ ಹ್ಯಾಮ್ ರೇಡಿಯೊ ವಿಷಯ ತ್ಯಾವಣಿಗೆ, ಸಂತೆಬೆನ್ನೂರು, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮೇಷ್ಟ್ರುಗಳು ಕಿವಿಗೊಟ್ಟು ಕೇಳಬೇಕಾದದ್ದು. ನಿಲ್ದಾಣ ಸುತ್ತುವ ಪಟ್ಟಿ ಶಟಲ್‌ನದಕ್ಕಿಂತ ಅಗಲ, ಉತ್ತರಕ್ಕೂ ದಕ್ಷಿಣಕ್ಕೂ 51.6 ಡಿಗ್ರಿವರೆಗೆ. ಹಾಗಾಗಿ ಅದು ಈ ತಾಲ್ಲೂಕುಗಳ ಆಕಾಶದಲ್ಲೂ ಹಾಯುತ್ತದೆ. ಮುಂಜಾವು ಅಥವಾ ಮುಸ್ಸಂಜೆಯಲ್ಲಿ ಸರಿಯಾದ ಹೊತ್ತು ನೋಡಿಕೊಂಡು ಸೂಳೆಕೆರೆ ಏರಿಯ ಮೇಲೆ ನಿಂತರೆ ಮಿಣುಕದೆ ಸಾಗುವ ಹೊಳೆಯುವ ಚುಕ್ಕೆಯಾಗಿ ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿಂದ ಗಗನಯಾತ್ರಿಗಳು ಹ್ಯಾಮ್ ರೇಡಿಯೊದಲ್ಲಿ ಮಾತಾಡಿದರೆ ಧ್ವನಿ ಇಳಿಯುವುದು 145.800 ಮೆಗಾಹರ್ಟ್ಸ್‌ನಲ್ಲಿ, ಕೈಯಲ್ಲಿ ಹಿಡಿಯುವ ಸಾಧಾರಣ ಸೆಟ್ಟಿಗೂ ಸಿಗುವಷ್ಟು ಗಟ್ಟಿಯಾಗಿ. ಒಂದು ಹಾಯುವಿಕೆಗೆ ಸಿಗುವ ಸಮಯ ಸುಮಾರು ಹತ್ತು ನಿಮಿಷ. ಶಾಲಾ ಮಕ್ಕಳು ಗಗನಯಾತ್ರಿಗಳೊಡನೆ ಮಾತಾಡಲೆಂದೇ ಅಂತರರಾಷ್ಟ್ರೀಯ ಹ್ಯಾಮ್ ಸಂಘಟನೆಯೊಂದು ವರ್ಷಗಳಿಂದ ನಡೆಯುತ್ತಿದೆ, 'ಆರಿಸ್' ಎಂದು ಅದರ ಹೆಸರು. ಅದಕ್ಕೆ ಅರ್ಜಿ ಹಾಕುವುದು ಶಾಲೆಗಳೇ. ಹತ್ತು ನಿಮಿಷದಲ್ಲಿ ಹತ್ತಿಪ್ಪತ್ತು ಪ್ರಶ್ನೆ ಕೇಳಬಹುದು, ಪ್ರಶ್ನೆಗಳ ಪಟ್ಟಿ ಮೊದಲೇ ಕಳಿಸಿರಬೇಕು, ಮಕ್ಕಳು ಸಾಲಾಗಿ ನಿಂತು ಒಬ್ಬರಾದ ಮೇಲೆ ಒಬ್ಬರು ಬೇಗ ಬೇಗ ಕೇಳಿ ಮುಗಿಸಬೇಕು, ಪ್ರತಿ ಪ್ರಶ್ನೆಯ ಕೊನೆಗೆ 'ಓವರ್' ಅನ್ನುವುದನ್ನು ಮರೆಯಬಾರದು.